ಬೆರಳಿಟ್ಟ ಸಾಲಿನಲ್ಲಿ ನಾಣ್ಯದ ಹೆಸರು

ಆ ಎರಡು ಪದಗಳನ್ನು ತೆಗೆದುಹಾಕಿದವಳು ನಾನು. ಎದುರಾಳಿ ಎತ್ತುವ ಮೊದಲೇ ನಿನ್ನ ದುರ್ಬಲ ಅಂಶವನ್ನು ನೀನೇ ಎತ್ತಿಬಿಡು ಎಂದು, ಕಾಲೇಜಿನಲ್ಲಿ ನನ್ನನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದ ಮೇಷ್ಟ್ರು ಹೇಳುತ್ತಿದ್ದರು. ಎತ್ತಿದ್ದೇನೆ. ಉಳಿದದ್ದು ನಡೆದ ಕ್ರಮದಲ್ಲೇ ಬರಲಿ.

ಕೆಲಸ ಇಷ್ಟೇ ಇತ್ತು. ಕ್ರಿಪ್ಟೋ ಹಣವನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳುವ ಒಂದು ವ್ಯಾಲೆಟ್ ಆ್ಯಪ್ ಕನ್ನಡದಲ್ಲಿ ಬರುವುದಿತ್ತು. ಅದರ ನಾಣ್ಯಗಳ ಪಟ್ಟಿಗೆ, ಕಳಿಸುವ ಮತ್ತು ಪಡೆಯುವ ಪುಟಗಳಿಗೆ ಕನ್ನಡ ಬರೆಯಬೇಕು. ಬೆಂಗಳೂರಿನಾಚೆಯ ಜನರ ಕೈಗೆ ಕೊಟ್ಟು ಪರೀಕ್ಷಿಸಬೇಕು. ಕೊನೆಗೆ ‘ಪರಿಶೀಲಿಸಿದ್ದೇನೆ’ ಎಂದು ನನ್ನ ಹೆಸರು ಹಾಕಬೇಕು. ಅದಕ್ಕೆಂದು ಸಿಂಧನೂರಿನಲ್ಲಿ ಗೊಬ್ಬರದಂಗಡಿಯ ಮೇಲಿನ ಒಂದು ಖೋಲಿ ಹಿಡಿದೆ. ಈ ಹಣವನ್ನು ನಾನು ನಂಬುವವಳಲ್ಲ. ನಂಬದವಳ ಕಣ್ಣಿಗೇ ತಪ್ಪು ಬೇಗ ಬೀಳುತ್ತದೆ ಎಂದು ವಾದಿಸಿಯೇ ಕೆಲಸ ಪಡೆದಿದ್ದೆ.

ಪಟ್ಟಿಯಲ್ಲಿ ಒಂದು ‘ಡಾಲರ್ ನಾಣ್ಯ’ ಇತ್ತು. ಒಂದು ನಾಣ್ಯ ಒಂದು ಡಾಲರಿಗೆ ಸಮ ಎಂದು ಅದನ್ನು ಹೊರಡಿಸಿದವರು ಹೇಳುತ್ತಾರೆ. ಅದು ಪಟ್ಟಿಯಲ್ಲಿ ಎರಡು ಸಲ ಕಾಣಿಸುತ್ತಿತ್ತು. ಅದೇ ಹೆಸರು, ಅದೇ ದುಂಡನೆಯ ಚಿತ್ರ. ಅದು ಓಡಾಡುವ ಜಾಲ, ಅಂದರೆ ನೆಟ್‌ವರ್ಕ್, ಮಾತ್ರ ಬೇರೆ. ಜಾಲಗಳ ನಿಜ ಹೆಸರು ಇಲ್ಲಿ ಬೇಡ, ನೀಲಿ ಜಾಲ, ಕರಿ ಜಾಲ ಎನ್ನೋಣ. ಖಾತೆ ಸಂಖ್ಯೆಯಂತಿರುವ ಎರಡರ ವಿಳಾಸಗಳೂ ನೋಡಲು ಒಂದೇ ಥರದ ಅಕ್ಷರಮಾಲೆ, ಆದ್ದರಿಂದ ಆ್ಯಪ್ ತಡೆಯುವುದಿಲ್ಲ. ಕರಿ ಜಾಲವನ್ನು ಮಾತ್ರ ನೋಡುವ ವಿಳಾಸಕ್ಕೆ ನೀಲಿ ಜಾಲದ ನಾಣ್ಯ ಕಳಿಸಿದರೆ ಅದು ಹೋಗುತ್ತದೆ, ಸಿಗುವುದಿಲ್ಲ. ಹಿಂದಕ್ಕೆ ಕರೆಯಲು ಗುಂಡಿಯಿಲ್ಲ. ಹೋಗಿ ಜಗಳವಾಡಲು ಒಂದು ಕೌಂಟರ್ ಕೂಡ ಇಲ್ಲ.

ಮೊದಲ ವಿನ್ಯಾಸದಲ್ಲಿ ಈ ವ್ಯತ್ಯಾಸವನ್ನು ತೋರಿಸಲು ಇದ್ದದ್ದು ಚಿತ್ರದ ಮೂಲೆಯಲ್ಲೊಂದು ಬಣ್ಣದ ಚುಕ್ಕಿ. ನನ್ನ ಮ್ಯಾನೇಜರನ್ನು ನಾನು ಪರದೆಯ ಮೇಲಿನ ಒಂದು ಚೌಕವಾಗಿ ಮಾತ್ರ ಬಲ್ಲೆ. ಅವರನ್ನು ಕೇಳಿದೆ: “ಈ ಚುಕ್ಕಿ ಏನು ಹೇಳುತ್ತೆ ಅಂತ ಯಾರಿಗೆ ಗೊತ್ತಾಗುತ್ತೆ ಸರ್?”

“ಎಲ್ಲಾ ಆ್ಯಪ್‌ನಲ್ಲೂ ಹೀಗೇ ಇರೋದು.”

“ಎಲ್ಲರೂ ಮಾಡ್ತಾರೆ ಅನ್ನೋದು ಕಾರಣ ಅಲ್ಲ ಸರ್. ಬರೀ ತಲೆ ಎಣಿಕೆ.”

ಅವರು ನಕ್ಕರು. ಮೂರು ದಿನ, ಮೂರು ಕರೆ. ಕೊನೆಗೆ ಪಟ್ಟಿಯಲ್ಲಿ ನಾಣ್ಯದ ಹೆಸರಿನ ಕೆಳಗೆ ಎರಡನೆಯ ಸಾಲು ಸಿಕ್ಕಿತು: ‘ನೀಲಿ ಜಾಲ’, ‘ಕರಿ ಜಾಲ’. ಗೆದ್ದೆ ಎಂದುಕೊಂಡೆ. ಕರೆ ಮುಗಿದು ಪರದೆ ಕಪ್ಪಾಯಿತು. ಗೆದ್ದದ್ದನ್ನು ಹೇಳಲು ಖೋಲಿಯಲ್ಲಿ ಯಾರೂ ಇರಲಿಲ್ಲ. ಕೆಳಗೆ ಯೂರಿಯಾ ಚೀಲ ಇಳಿಸುವ ಸದ್ದು ಮಾತ್ರ.

ಅಲ್ಲಿ ನನ್ನ ದಿನಗಳು ಹೀಗೇ ಇದ್ದವು. ವಾದಿಸಿ ಬೆಳೆದವರಿಗೆ ಎದುರಾಳಿ ಇಲ್ಲದಿರುವುದು ಒಂದು ಬಗೆಯ ಹಸಿವು. ಒಂದೊಂದು ಪದಕ್ಕೂ ಪರ ವಿರೋಧ ಎರಡನ್ನೂ ನಾನೇ ಗಟ್ಟಿಯಾಗಿ ವಾದಿಸುತ್ತಿದ್ದೆ, ಎಡಕ್ಕೆ ತಿರುಗಿ ಪರ, ಬಲಕ್ಕೆ ತಿರುಗಿ ವಿರೋಧ. ಒಂದು ಮಧ್ಯಾಹ್ನ ಗೊಬ್ಬರದಂಗಡಿಯವರ ಹೆಂಡತಿ ಮೆಟ್ಟಿಲ ಮೇಲೆ ನಿಂತು ಕೇಳಿದರು: “ಯವ್ವಾ, ಬಾಡಿಗಿ ಮಾತಾಡುವಾಗ ಒಬ್ಬಾಕೀನs ಅಂದಿದ್ದೆಲ್ಲ. ಈಗ ಎಷ್ಟ್ ಮಂದಿ ಅದೀರಿ?”

“ಒಬ್ಬಾಕೀನs ಅದೀನ್ರೀ.”

“ಮತ್ತ ಜಗಳ ಯಾರ ಜೋಡಿ?”

ನಾನು ಲ್ಯಾಪ್‌ಟಾಪಿನ ಕಡೆ ಕೈ ತೋರಿಸಿದೆ. ಅವರು ನಂಬಿದಂತೆ ಕಾಣಲಿಲ್ಲ. ಹೋಗುವಾಗ ಖೋಲಿಯೊಳಗೆ ಒಮ್ಮೆ ಇಣುಕಿಯೇ ಹೋದರು.

ಇನ್ನು ನನ್ನ ತಪ್ಪು. ಹಣ ಕಳಿಸುವ ಕೊನೆಯ ಪುಟದಲ್ಲಿ, ಒಪ್ಪಿಗೆಯ ಗುಂಡಿಯ ಮೇಲೆ ಒಂದು ವಾಕ್ಯ ಬರುತ್ತದೆ. ಇಂಗ್ಲಿಷಿನಲ್ಲಿ ಅದು ಮೊತ್ತ, ನಾಣ್ಯ, ಜಾಲ ಮೂರನ್ನೂ ಹೇಳುತ್ತಿತ್ತು. ಕನ್ನಡದಲ್ಲಿ ನಾನು ಮೊದಲು ಬರೆದದ್ದು ‘ನೀವು ನೀಲಿ ಜಾಲದಲ್ಲಿ 40 ಡಾಲರ್ ನಾಣ್ಯಗಳನ್ನು ಕಳಿಸುತ್ತಿದ್ದೀರಿ’ ಎಂದು. ಸಣ್ಣ ಫೋನಿನಲ್ಲಿ ಅದು ಮೂರು ಸಾಲಿಗೆ ಒಡೆಯಿತು. ಒತ್ತಕ್ಷರಗಳ ಕಾಲುಗಳು ಕೆಳಗಿನ ಸಾಲಿಗೆ ತಾಗಿದವು. ಜಾಲದ ಹೆಸರನ್ನು ಎರಡು ಪುಟ ಹಿಂದೆ, ಪಟ್ಟಿಯಲ್ಲಿ, ಹೇಳಿಯಾಗಿತ್ತಲ್ಲ? ಚರ್ಚಾಸ್ಪರ್ಧೆಯಲ್ಲಿ ಹೇಳಿದ್ದನ್ನೇ ಹೇಳಿದರೆ ತೀರ್ಪುಗಾರರು ಅಂಕ ಕಳೆಯುತ್ತಾರೆ. ನಾನು ‘ನೀಲಿ ಜಾಲದಲ್ಲಿ’ ಎಂಬುದನ್ನು ತೆಗೆದೆ. ವಾಕ್ಯ ಹಗುರಾಯಿತು. ನನಗೆ ಅದು ಇಷ್ಟವೂ ಆಯಿತು.

ಮೊದಲ ಪರೀಕ್ಷೆ ಮಸ್ಕಿಯಲ್ಲಿ, ಬಸ್ ನಿಲ್ದಾಣದ ಹತ್ತಿರದ ಒಂದು ಮೊಬೈಲ್ ರಿಪೇರಿ ಅಂಗಡಿಯ ಬೆಂಚಿನ ಮೇಲೆ. ಅಂಗಡಿ ಮಾಲಕ ಬಾಯಿಜೋರಿನ ಮನುಷ್ಯ. ಫೋನ್ ರಿಪೇರಿಗೆ ಬಂದವರನ್ನೆಲ್ಲ ಹಿಡಿದು ಕೂಡಿಸಿದ: “ಏ ಬಾರಲೇ, ಮೇಡಮ್ಮಾರ ಪರೀಕ್ಷಾ ಇಟ್ಟಾರ. ಫೇಲ್ ಆದಾಂವ ಚಹಾ ಹೇಳ್ಬೇಕು.”

ಎಂಟು ಮಂದಿ. ಅಭ್ಯಾಸಕ್ಕೆಂದು ಬೆಲೆಯಿಲ್ಲದ ನಾಣ್ಯ ತುಂಬಿದ ಫೋನು. ನೀಲಿ ಜಾಲದಲ್ಲಿ ನೂರು, ಕರಿ ಜಾಲದಲ್ಲಿ ಇಪ್ಪತ್ತು. ಒಂದು ವಿಳಾಸ ಕೊಟ್ಟು, ಇದು ಕರಿ ಜಾಲದ್ದು, ಹತ್ತು ನಾಣ್ಯ ಕಳಿಸಿ ಎಂದೆ. ಎಂಟರಲ್ಲಿ ಐವರು ನೀಲಿಯಿಂದ ಕಳಿಸಿದರು.

ಬಳಗಾನೂರಿನ ಟ್ರ್ಯಾಕ್ಟರ್ ಚಾಲಕನೊಬ್ಬನನ್ನು ಕೇಳಿದೆ: “ಕೆಳಗ ನೀಲಿ ಜಾಲ ಅಂತ ಬರದೈತಲ್ಲ, ನೋಡ್ಲಿಲ್ಲೇನು?”

“ನೋಡೀನ್ರೀ. ಇದ್ರಾಗ ನೂರ ಐತಿ, ಇದ್ರಾಗ ಇಪ್ಪತ್ತ ಐತಿ. ಜಾಸ್ತಿ ಇದ್ದದ್ರಾಗ ತಗದೆ. ಎರಡೂ ನಮ್ಮವ ಅಲ್ರೀ?”

“ಆದ್ರ ನಾ ಕರಿ ಜಾಲ ಅಂತ ಹೇಳಿದ್ನೆಲ್ಲ?”

“ಹೇಳಿದ್ರಿ. ಎರಡು ಕಿಸೆ ಇದ್ದಂಗ ಅಂತ ತಿಳಕೊಂಡೆ. ಯಾವ ಕಿಸೇದಾಗಿಂದ ಕೊಟ್ರೂ ರೊಕ್ಕ ರೊಕ್ಕs ಅಲ್ರೀ.”

ಅಂಗಡಿ ಮಾಲಕ ಐದು ಚಹಾ ಹೇಳಿಸಿದ. ನಾನು ವರದಿಯಲ್ಲಿ ಬರೆದೆ: ‘ಬಳಕೆದಾರರ ಗಮನದ ಕೊರತೆ’. ಹೆಸರು ಪಟ್ಟಿಯಲ್ಲಿದೆ, ಓದದಿದ್ದರೆ ಬರೆದವಳ ಹೊಣೆಯಲ್ಲ. ವಾದವಾಗಿ ಅದು ಗಟ್ಟಿಯಾಗಿತ್ತು. ಆ ಐವರೂ ಕೊನೆಯ ಪುಟದಲ್ಲಿ ಎರಡು ಕ್ಷಣ ನಿಂತು, ಮೇಲೆ ಕೆಳಗೆ ನೋಡಿ, ಆಮೇಲೆ ಗುಂಡಿ ಒತ್ತಿದ್ದನ್ನು ನಾನು ಕಂಡಿದ್ದೆ. ಅದನ್ನು ವರದಿಯಲ್ಲಿ ಬರೆಯಲಿಲ್ಲ.

ಒಂಬತ್ತನೆಯವಳು ಅಭ್ಯಾಸದ ನಾಣ್ಯದವಳಲ್ಲ. ನಾನು ಹುಡುಕಿದವರಲ್ಲಿ ಈ ಆ್ಯಪನ್ನು ನಿಜವಾಗಿ ಬಳಸುತ್ತಿದ್ದವಳು ಅವಳೊಬ್ಬಳೇ. ಸಿಂಧನೂರಿನ ಬಳಿ ಬಂಗಾಲಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಹುಡುಗಿ, ಕನ್ನಡ ಶಾಲೆಯಲ್ಲಿ ಓದಿದವಳು. ಹೊರದೇಶದ ಮೊಬೈಲ್ ಆಟಗಳಿಗೆ ಗಿಡ, ಗುಡ್ಡ, ರಾಕ್ಷಸರ ಚಿತ್ರ ಬರೆದುಕೊಡುತ್ತಿದ್ದಳು. ಅವರು ಡಾಲರ್ ನಾಣ್ಯದಲ್ಲೇ ಕೊಡುತ್ತಿದ್ದರು, ಒಬ್ಬರು ನೀಲಿ ಜಾಲದಲ್ಲಿ, ಇನ್ನೊಬ್ಬರು ಕರಿಯಲ್ಲಿ. ಅವಳು ಅದನ್ನು ಒಂದು ವಿನಿಮಯ ಕೇಂದ್ರಕ್ಕೆ ಕಳಿಸಿ ರೂಪಾಯಿ ಮಾಡಿಕೊಳ್ಳುತ್ತಿದ್ದಳು. ಬಿಡುಗಡೆಗೆ ಮುಂಚೆಯೇ, ಪರೀಕ್ಷೆಗೆಂದು, ಅವಳ ಆ್ಯಪನ್ನು ಕನ್ನಡಕ್ಕೆ ತಿರುಗಿಸಲು ಒಪ್ಪಿಸಿದವಳು ನಾನು. ಅದಕ್ಕೂ ಒಳ್ಳೆಯ ವಾದವನ್ನೇ ಮಾಡಿದ್ದೆ. ಆಗ ಅವಳು ಪೆನ್ನಿನಿಂದ ಚಿತ್ರ ಬರೆಯುವ ಟ್ಯಾಬ್ಲೆಟ್ಟಿನ ಪರದೆಯ ಮೇಲೆ ಬಿರುಕು ಬಿದ್ದಿತ್ತು. ಬರಬೇಕಿದ್ದ ಹಣದಲ್ಲಿ ಹೊಸದನ್ನು ತರುವವಳಿದ್ದಳು.

ಮಸ್ಕಿಯ ಪರೀಕ್ಷೆಯಾಗಿ ವಾರಕ್ಕೆ ಅವಳ ಫೋನು ಬಂತು. “ಮೇಡಮ್, ನೀವು ಒಂದ್ಸಲ ಬರ್ತೀರೇನು?” ಅಷ್ಟೇ.

ಟಂಟಂ ಆಟೋ ಹತ್ತಿ ಕ್ಯಾಂಪಿಗೆ ಹೋದೆ. ಮನೆಯ ಹಿಂದೆ ಮೀನಿನ ಹೊಂಡ, ಅದರಾಚೆ ನಾಟಿ ಮಾಡಿದ ಗದ್ದೆ. ಅವಳು ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಅಳದೆ, ಬೈಯದೆ, ಫೋನನ್ನು ನನ್ನ ಕೈಗೆ ಕೊಟ್ಟಳು. ನೀಲಿ ಜಾಲದ ಖಾನೆ ಖಾಲಿ, ಅಲ್ಲಿದ್ದದ್ದನ್ನೆಲ್ಲ ವಿನಿಮಯ ಕೇಂದ್ರಕ್ಕೆ ಕಳಿಸಿಬಿಟ್ಟಿದ್ದಳು. ಕೇಂದ್ರದ ವಿಳಾಸ ಕರಿ ಜಾಲದ್ದು. ಅಲ್ಲಿನ ಸಹಾಯವಾಣಿ ಎರಡು ಸಾಲಿನಲ್ಲಿ, ಆ ಜಾಲವನ್ನು ತಾವು ನೋಡುವುದಿಲ್ಲ, ಮರಳಿಸಲಾಗದು ಎಂದು ಬರೆದಿತ್ತು.

“ಪಟ್ಟಿನ್ಯಾಗ ಹೆಸರಿತ್ತಲ್ಲ,” ಎಂದೆ. ಆ ಹೊತ್ತಿನಲ್ಲೂ ಬಾಯಿಗೆ ಬಂದದ್ದು ವಾದವೇ.

“ಇತ್ತು ಮೇಡಮ್. ನಾ ಯಾವಾಗ್ಲೂ ಅಲ್ಲಿ ಗಡಬಡೀಲೇ ಒತ್ತತೀನಿ. ಕಡೀ ಪುಟದಾಗ ನಿಂತು ನೋಡ್ತೀನಿ. ಇಂಗ್ಲಿಷಿನ್ಯಾಗ ಕಡೀ ಪುಟದಾಗ ಜಾಲದ ಹೆಸರು ಬರ್ತಿತ್ತು. ತಪ್ಪಿದ್ರ ಅಲ್ಲೇ ಹಿಂದ ಬರ್ತಿದ್ದೆ.” ಫೋನನ್ನು ವಾಪಸು ತೆಗೆದುಕೊಂಡಳು: “ಕನ್ನಡದಾಗ ಬರಲಿಲ್ಲ. ಬರಲಿಲ್ಲಂದ್ರ ಕನ್ನಡದಾಗ ಅದು ಬೇಕಾಗಿಲ್ಲೇನೋ ಅಂದ್ಕೊಂಡೆ.”

ಒಳಗಿನಿಂದ ಅವಳ ತಾಯಿ ಬಂಗಾಲಿಯಲ್ಲಿ ಏನೋ ಕೇಳಿದರು. ಇವಳು ಚಿಕ್ಕದಾಗಿ ಉತ್ತರಿಸಿದಳು. ನನ್ನ ವಿಷಯವೇ ಇರಬೇಕು. ಆ ಪದ ತೆಗೆದವಳು ನಾನು ಎಂದು ಹೇಳುವ ಗಳಿಗೆ ಅದೇ ಆಗಿತ್ತು. “ಕಂಪನಿಗೆ ಬರೀತೀನಿ,” ಎಂದಷ್ಟೇ ಹೇಳಿ ಎದ್ದೆ.

ಬರೆದೆ. ಮ್ಯಾನೇಜರ್ ಕೇಳಿದರು: “ಇಂಗ್ಲಿಷಿನಲ್ಲಿ ಇರೋದು ಕನ್ನಡದಲ್ಲಿ ಯಾಕೆ ಬಂದಿಲ್ಲ?”

“ಜಾಗದ ಸಮಸ್ಯೆ ಸರ್.” ಸುಳ್ಳಲ್ಲ. ನಿಜವೂ ಅಲ್ಲ.

“ಹಣದ ವಿಚಾರದಲ್ಲಿ ಕಂಪನಿ ಏನೂ ಮಾಡೋಕಾಗಲ್ಲ, ನಿಯಮಾವಳಿಯಲ್ಲಿ ಇದೆ. ಒಂದು ಎಚ್ಚರಿಕೆಯ ಪೆಟ್ಟಿಗೆ ಹಾಕೋಣ. ಮೊದಲ ಸಲ ತೆರೆದಾಗ ಬರುತ್ತೆ, ‘ಒಪ್ಪಿದ್ದೇನೆ’ ಅಂತ ಒತ್ತುತ್ತಾರೆ. ಕಾನೂನಿನ ಕನ್ನಡದಲ್ಲಿ ಗಟ್ಟಿಯಾಗಿರಲಿ. ಶುಕ್ರವಾರ ಬಿಡುಗಡೆ, ನಿಮ್ಮ ಹೆಸರು ಹಾಕಿಬಿಡಿ.”

ನಾನು ಒಪ್ಪಿದೆ. ಹನ್ನೊಂದು ಸಾಲಿನ ಎಚ್ಚರಿಕೆ ಬರೆದೆ. ಕಾನೂನಿನ ಕನ್ನಡ ಗೊತ್ತಿರುವವರಿಗೆ ತೋರಿಸಬೇಕು ಎಂದಾಗ ಮಸ್ಕಿಯ ಅಂಗಡಿ ಮಾಲಕ ಲಿಂಗಸುಗೂರಿನಲ್ಲಿ ಖರೀದಿ ಪತ್ರ ಬರೆದುಕೊಡುವ ಒಬ್ಬ ಬಾಂಡ್ ರೈಟರ್ ಬಗ್ಗೆ ಹೇಳಿದ. “ಭಾಳ ಖಡಕ್ ಮನುಷ್ಯಾರೀ. ಸುಮ್ಮ ವಾದಕ್ಕ ಬೀಳಬ್ಯಾಡ್ರಿ.”

ನೋಂದಣಿ ಕಚೇರಿಯ ಎದುರಿನ ತಗಡಿನ ನೆರಳಲ್ಲಿ, ಮೇಜಿನ ಮೇಲೊಂದು ಕಂಪ್ಯೂಟರ್, ಪಕ್ಕದಲ್ಲಿ ಹಳೆಯ ಟೈಪ್ ಯಂತ್ರ ಇಟ್ಟುಕೊಂಡು ಅವರು ಕುಳಿತಿದ್ದರು. ಹಣೆಯಲ್ಲಿ ವಿಭೂತಿ, ಕಿವಿಯ ಮೇಲೆ ಪೆನ್ನು. ನನ್ನ ಹನ್ನೊಂದು ಸಾಲನ್ನು ಓದಲಿಲ್ಲ. ನಡುವಿನ ಒಂದು ಸಾಲಿಗೆ ಬೆರಳಿಟ್ಟರು.

“ಇಲ್ಲಿ ‘ಸದರಿ ನಾಣ್ಯ’ ಅಂತ ಬರದೀಯಲ್ಲ ತಂಗಿ. ಯಾವ ನಾಣ್ಯ?”

“ಮ್ಯಾಲೆ ಹೇಳೀನಲ್ರೀ, ಎರಡನೇ ಸಾಲಿನ್ಯಾಗ.”

“ನಾ ಎರಡನೇ ಸಾಲು ಓದಿಲ್ಲ.”

“ಮೊದಲಿಂದ ಓದ್ಬೇಕ್ರೀ.”

“ಯಾಕ?”

ಇಂಥ ‘ಯಾಕ’ ಕೇಳಿ ಎರಡು ತಿಂಗಳಾಗಿತ್ತು. ನಾನು ಕುರ್ಚಿ ಎಳೆದುಕೊಂಡೆ. ಆ್ಯಪಿನ ವಿಷಯ, ಎರಡು ಜಾಲ, ಒಂದೇ ಹೆಸರು, ಹಣ ಕಳೆದುಕೊಂಡ ಹುಡುಗಿ, ಎಲ್ಲ ವಿವರಿಸಿದೆ. ಅವರಿಗೆ ಏನೂ ಆಶ್ಚರ್ಯವಾದಂತೆ ಕಾಣಲಿಲ್ಲ. ಮೇಜಿನ ಖಾನೆಯಿಂದ, ಪ್ಲಾಸ್ಟಿಕ್ ಹೊದಿಸಿದ ಒಂದು ಹಳೆಯ ಖರೀದಿ ಪತ್ರದ ನಕಲು ತೆಗೆದರು. ಮೇಲೆ ಉರ್ದು ಮುದ್ರೆ, ಕೆಳಗೆ ಒತ್ತೊತ್ತಾದ ಕನ್ನಡ.

“ನಮ್ಮ ಅಜ್ಜ ಬರದದ್ದು. ನನಗ ಬರಿಯೋದು ಕಲಿಸಿದ್ದು ಈ ಕಾಗದ. ನಿಜಾಮರ ಕಾಲದಾಗ ಇಲ್ಲಿ ಎರಡು ರೂಪಾಯಿ ನಡೀತಿದ್ವು. ಸಿಕ್ಕಾ ಅಂದ್ರ ನಾಣ್ಯ, ಅವರದು ಹಾಲಿ ಸಿಕ್ಕಾ, ಇಂಗ್ಲಿಷರದು ಕಲ್ದಾರ. ಬಾಯಿಲೆ ಎರಡಕ್ಕೂ ರೂಪಾಯಿನs ಅನ್ನೋದು. ಬೆಲಿ ಬ್ಯಾರೆ. ಈಗ ಓದು.”

ಓದಿದೆ. ಹೊಲದ ಬೆಲೆ ಇಷ್ಟು ರೂಪಾಯಿ ಸಿಕ್ಕಾ ಹಾಲಿ. ಅದರಲ್ಲಿ ಮುಂಗಡ ಇಷ್ಟು ರೂಪಾಯಿ ಸಿಕ್ಕಾ ಹಾಲಿ. ಉಳಿದದ್ದು ಇಷ್ಟು ರೂಪಾಯಿ ಸಿಕ್ಕಾ ಹಾಲಿ. ಮಾತು ತಪ್ಪಿದರೆ ಇಷ್ಟು ರೂಪಾಯಿ ಸಿಕ್ಕಾ ಹಾಲಿ. ಒಂದೇ ಪುಟದಲ್ಲಿ ಒಂಬತ್ತು ಸಲ. ನಾನು ತೀರ್ಪುಗಾರಳಾಗಿದ್ದರೆ ಆ ಅಜ್ಜನಿಗೆ ಸೊನ್ನೆ ಕೊಡುತ್ತಿದ್ದೆ.

“ಮೊದಲನೇ ಸಾಲಿನ್ಯಾಗ ‘ಇನ್ನ ಮುಂದ ರೂಪಾಯಿ ಅಂದ್ರ ಹಾಲಿ’ ಅಂತ ಒಂದ್ ಮಾತು ಬರದಿದ್ರ ಸಾಕಿತ್ತಲ್ರೀ?”

“ಜಾಣಿ ಅದೀ.” ಅವರು ನಕ್ಕರು. “ಕಾಗದ ಯಾರೂ ಮೊದಲಿಂದ ಓದಂಗಿಲ್ಲ ಬೇ. ಜಗಳ ಬಿದ್ದಾಗ ತೆಗೀತಾರ. ತೆಗೆದು, ತಮಗ ಬೇಕಾದ ಸಾಲಿಗಷ್ಟs ಬೆರಳಿಡತಾರ. ಯಾರು ಎಲ್ಲಿ ಬೆರಳಿಡತಾರ ಅಂತ ಬರಿಯಾಂವಗ ಗೊತ್ತೈತೇನು? ಇಲ್ಲ. ಅದಕ್ಕs ಬೆರಳಿಟ್ಟ ಸಾಲಿನ್ಯಾಗ ಸಿಕ್ಕಾದ ಹೆಸರು ಇರಬೇಕು.”

“ಓದಾವ್ರಿಗೆ ಬ್ಯಾಸರ ಆಗಂಗಿಲ್ಲೇನ್ರೀ?”

“ಆಗ್ಲಿ. ಬ್ಯಾಸರಾದ್ರ ಹೊಲ ಹೋಗಂಗಿಲ್ಲ.”

ಮರುವಾದ ಹುಡುಕಿದೆ, ನಿಜವಾಗಿ ಹುಡುಕಿದೆ. ಮಸ್ಕಿಯ ಐವರೂ ಕೊನೆಯ ಪುಟದಲ್ಲಿ ನಿಂತು ಮೇಲೆ ಕೆಳಗೆ ನೋಡಿದ್ದು ನೆನಪಾಯಿತು. ಅವರು ಹುಡುಕಿದ್ದು ಅಲ್ಲಿರಲಿಲ್ಲ, ನಾನು ತೆಗೆದಿದ್ದೆ. ಎಚ್ಚರಿಕೆಯ ಪೆಟ್ಟಿಗೆಯೂ ಅದೇ ತಪ್ಪಿನ ದೊಡ್ಡ ರೂಪ: ಮೊದಲ ದಿನ ಒಂದು ಸಲ ಹೇಳಿ, ಜೀವಮಾನವಿಡೀ ಕೈತೊಳೆದುಕೊಳ್ಳುವುದು. ಅವರು ಹನ್ನೊಂದು ಸಾಲಿನ ಹಾಳೆಯನ್ನು ಹಿಂದಕ್ಕೆ ಕೊಟ್ಟರು. “ಇದು ನಿಮ್ಮ ಕಂಪನಿಗೆ ಬೇಕಾದ ಕಾಗದ. ರೊಕ್ಕ ಕಳಕೊಂಡಾಕಿಗೆ ಬೇಕಾದದ್ದಲ್ಲ,” ಎಂದು ಚಹಾಕ್ಕೆ ಎದ್ದುಹೋದರು.

ಸಿಂಧನೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಮಸ್ಕಿ ಬರುವುದರೊಳಗೆ ಪತ್ರದ ಅರ್ಧ ಬರೆದೆ. ಆ್ಯಪಿನಲ್ಲಿ ಮೊತ್ತ ಕಾಣಿಸುವ ಜಾಗಗಳನ್ನು ಎಣಿಸಿದೆ, ಹದಿನೇಳು. ಹದಿನೇಳು ಕಡೆಯೂ ಮೊತ್ತದ ಜೊತೆಗೇ ಜಾಲದ ಹೆಸರು ಬರಬೇಕು: ‘40 ಡಾಲರ್ ನಾಣ್ಯ, ನೀಲಿ ಜಾಲ’. ಈ ಸಾಲು ಒಡೆಯಬಾರದು. ಜಾಗ ಸಾಲದಿದ್ದರೆ ಚಿತ್ರ ತೆಗೆಯಿರಿ, ‘ನೀವು’ ತೆಗೆಯಿರಿ, ‘ಕಳಿಸುತ್ತಿದ್ದೀರಿ’ಯನ್ನು ‘ಕಳಿಸು’ ಮಾಡಿ, ಜಾಲದ ಹೆಸರು ಮಾತ್ರ ಮುಟ್ಟಬೇಡಿ. ವಿಳಾಸ ಹಾಕುವ ಪುಟದಲ್ಲಿ ‘ಪಡೆಯುವವರು ಯಾವ ಜಾಲದಲ್ಲಿ ಕೇಳಿದ್ದಾರೆ?’ ಎಂದು ಕೇಳಿ. ಉತ್ತರವನ್ನು ನೀವೇ ಮೊದಲೇ ತುಂಬಬೇಡಿ. ಎರಡು ಹೊಂದದಿದ್ದರೆ ಮುಂದೆ ಬಿಡಬೇಡಿ.

ಉಳಿದರ್ಧ ಬರೆಯಲು ಮಸ್ಕಿಯಿಂದ ಸಿಂಧನೂರಿನವರೆಗೆ ಬೇಕಾಯಿತು. ಅದು ಮೂರೇ ವಾಕ್ಯ. ಕೊನೆಯ ಪುಟದಿಂದ ಜಾಲದ ಹೆಸರನ್ನು ನಾನೇ ತೆಗೆದೆ. ಜಾಗ ಒಂದು ನೆಪ, ವಾಕ್ಯ ಚೆಂದ ಕಾಣಲಿ ಎಂಬುದೇ ಕಾರಣ. ಇದು ಸರಿಯಾಗುವವರೆಗೆ ನನ್ನ ಹೆಸರು ಹಾಕುವುದಿಲ್ಲ.

ಮರುದಿನ ಚೌಕದಲ್ಲಿ ಮ್ಯಾನೇಜರ್ ನನ್ನ ಪತ್ರವನ್ನು ತೆರೆದಿಟ್ಟುಕೊಂಡಿದ್ದರು. “ಹದಿನೇಳು ಕಡೆ ಒಂದೇ ಪದಾನಾ? ಮಂತ್ರ ಹೇಳಿದ ಹಾಗಿರುತ್ತೆ.”

“ಮಂತ್ರ ಅಲ್ಲ ಸರ್, ಖರೀದಿ ಪತ್ರ.”

“ನೋಡೋಕೆ ಚೆನ್ನಾಗಿರಲ್ಲ.”

“ಇರಲ್ಲ.”

“ಕೆಳಗೆ ನಿಮ್ಮ ತಪ್ಪು ಅಂತ ಬರೆದಿದ್ದೀರಲ್ಲ, ಅದನ್ನ ತೆಗೆದು ಕಳಿಸಬಹುದಿತ್ತು. ಯಾರೂ ಕೇಳ್ತಿರಲಿಲ್ಲ.”

“ತೆಗೆಯೋ ಚಟ ಇದೆ ನಂಗೆ. ಅದಕ್ಕೇ ಬಿಟ್ಟಿದ್ದೀನಿ.”

ಶುಕ್ರವಾರದ ಬಿಡುಗಡೆ ಮುಂದಕ್ಕೆ ಹೋಯಿತು. ಮಸ್ಕಿಯ ಬೆಂಚಿನ ಮೇಲೆ ಎರಡನೆಯ ಪರೀಕ್ಷೆ. ಹೊಸ ಎಂಟು ಮಂದಿ, ಅದೇ ನೂರು, ಅದೇ ಇಪ್ಪತ್ತು. ಮೂವರು ಈ ಸಲವೂ ತುಂಬಿದ ಖಾನೆಗೇ ಕೈಹಾಕಿದರು. ಅವರಲ್ಲಿ ಇಬ್ಬರು ಜಾಲದ ಪ್ರಶ್ನೆಗೂ ನೀಲಿ ಎಂದೇ ಒತ್ತಿ, ಕೊನೆಯ ಪುಟದಲ್ಲಿ ನಿಂತು, “ಏ, ಇದು ನೀಲಿ ಬಂತಲ್ರೀ,” ಎಂದು ಹಿಂದೆ ಬಂದರು. ಮೂರನೆಯವನು ಅಂಗಡಿ ಮಾಲಕ. ಪ್ರಶ್ನೆಗೆ ಕರಿ ಎಂದು ಒತ್ತಿದ ಅವನನ್ನು ಆ್ಯಪ್ ಮುಂದೆ ಬಿಡಲಿಲ್ಲ. “ನಿಮ್ಮ ಆ್ಯಪ್ ಸರಿ ಇಲ್ರೀ, ರೊಕ್ಕ ಇದ್ರೂ ಕೊಡವಲ್ದು,” ಎಂದ. ಚಹಾ ಅವನೇ ಹೇಳಿದ. ನಾನು ಹೆಸರು ಹಾಕಿದೆ.

ಖೋಲಿ ಖಾಲಿ ಮಾಡುವ ಮುನ್ನಾದಿನ ಕ್ಯಾಂಪಿಗೆ ಹೋದೆ. ಅವಳು ಅದೇ ಅಂಗಳದಲ್ಲಿ, ಮಡಿಲಲ್ಲಿ ರಟ್ಟಿನ ಮೇಲೆ ಬಿಳಿ ಹಾಳೆ ಇಟ್ಟು ಪೆನ್ಸಿಲ್ಲಿನಲ್ಲಿ ಒಂದು ಆಲದ ಮರ ಬರೆಯುತ್ತಿದ್ದಳು. ಬಿರುಕು ಬಿಟ್ಟಿದ್ದ ಪರದೆ ಪೂರಾ ನಿಂತುಹೋಗಿತ್ತು. ಹೊಸ ಕೆಲಸ ಬಂದದ್ದನ್ನು ಬಿಟ್ಟುಕೊಟ್ಟಿದ್ದಳಂತೆ.

“ಆ ಪದ ತೆಗೆದಾಕಿ ನಾನs,” ಎಂದೆ. ಪೀಠಿಕೆ ಹಾಕಲಿಲ್ಲ.

ಪೆನ್ಸಿಲ್ ನಿಂತಿತು. “ಯಾಕ ತೆಗೆದ್ರಿ?”

“ಚೆಂದ ಕಾಣ್ಲಿ ಅಂತ.”

ಅವಳು ರಬ್ಬರು ಕೈಗೆತ್ತಿಕೊಂಡಳು. “ನಾನೂ ಹಂಗs ಮಾಡ್ತೀನಿ ಮೇಡಮ್. ಗಿಡದಾಗ ಎಲಿ ಭಾಳ ಆದ್ರ ಅಳಿಸ್ತೀನಿ.” ಒಂದು ಎಲೆಯನ್ನು ರಬ್ಬರಿನಿಂದ ಅಳಿಸಿಯೂ ತೋರಿಸಿದಳು. “ಆದ್ರ ಯಾರ್ದೂ ಏನೂ ಹೋಗಂಗಿಲ್ಲ.”

ನನಗೆ ಬಂದ ಸಂಭಾವನೆಯಲ್ಲಿ ಅರ್ಧ ತೆಗೆದುಕೊಳ್ಳಲು ಹೇಳಿದೆ. “ಬ್ಯಾಡ್ರೀ,” ಎಂದಳು. ಎರಡನೆಯ ಸಲ ಹೇಳಿದಾಗಲೂ “ಬ್ಯಾಡ್ರೀ” ಎಂದಳು, ಅದೇ ದನಿಯಲ್ಲಿ. ಹೊಸ ಆವೃತ್ತಿಯನ್ನು ನನ್ನ ಫೋನಿನಲ್ಲಿ ತೆರೆದು ಕೊಟ್ಟೆ. ಪಟ್ಟಿ, ವಿಳಾಸ, ಕೊನೆಯ ಪುಟ. ಅವಳು ನಿಧಾನವಾಗಿ ಹೋದಳು. ನಡುವೆ ಎಲ್ಲೆಂದರಲ್ಲಿ ನಿಂತು ಬೆರಳಿಟ್ಟಳು. ಬೆರಳಿಟ್ಟಲ್ಲೆಲ್ಲ ಹೆಸರಿತ್ತು.

“ಸರಿ ಮಾಡೀರಿ,” ಎಂದಳು.

ಆಮೇಲೆ ತನ್ನ ಫೋನನ್ನು ತೆಗೆದು ಸಮಯ ನೋಡಿದಳು. ಪರದೆಯ ಮೇಲೆ ವ್ಯಾಲೆಟ್ ತೆರೆದೇ ಇತ್ತು, ಇಂಗ್ಲಿಷಿನಲ್ಲಿ. ಮತ್ತೆ ಕನ್ನಡಕ್ಕೆ ತಿರುಗಿಸು ಎನ್ನಲು ನನ್ನ ಬಳಿ ಒಳ್ಳೆಯ ಅಂಶಗಳಿದ್ದವು. ಮೂರು ಆಗಲೇ ಸಾಲಾಗಿ ನಿಂತಿದ್ದವು. ಅವನ್ನು ಅಲ್ಲೇ ಬಿಟ್ಟು ಎದ್ದೆ. ರಸ್ತೆಗೆ ಬಂದು ಟಂಟಂಗೆ ಕೈ ಅಡ್ಡ ಹಿಡಿದೆ.